ನನ್ನದೇ ಹಳೆಯ ಲೇಖನ ಮತ್ತೆ ಹಾಕಬಹುದಾ?

ಪ್ರಶ್ನೆ, ಕೊಪ್ಪಳದಿಂದ:
2017ರಲ್ಲಿ ಕಿನ್ನಾಳದ ಗೊಂಬೆ ಮಾಡುವ ಅಜ್ಜನ ಮನೆಯಲ್ಲಿ ಮೂರು ದಿನ ಕೂತಿದ್ದೆ. ಮರ ಕೆತ್ತುವುದರಿಂದ ಬಣ್ಣ ಹಚ್ಚುವವರೆಗೆ ನೋಡಿ ಬರೆದೆ. ಒಂದು ಪತ್ರಿಕೆಯಲ್ಲಿ ಬಂತು, 600 ರೂಪಾಯಿ ಕೊಟ್ಟರು. ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಈಗ ಆ ಸಂಚಿಕೆ ಎಲ್ಲೂ ಸಿಗುತ್ತಿಲ್ಲ. ನನ್ನ ಬ್ಲಾಗಿಗೂ, ಯಾರು ಬೇಕಾದರೂ ಬರೆದು ಹಾಕಬಹುದಾದ ಮೀಡಿಯಂ ಎಂಬ ಜಾಲತಾಣಕ್ಕೂ ಹಾಕುವ ಆಸೆ. ತಪ್ಪಾಗುತ್ತಾ?

ರಾಯಚೂರಿನಿಂದ ಉತ್ತರ:
ಅಕ್ಕಾ, ಧೈರ್ಯವಾಗಿ ಹಾಕಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ಪತ್ರಿಕೆಯ ನೌಕರರಾಗಿದ್ದರೆ ಮಾತು ಬೇರೆ. ಹಕ್ಕು ಬಿಟ್ಟುಕೊಡಲು ನಿಮ್ಮ ಸಹಿ ಇರುವ ಪತ್ರ ಬೇಕೇ ಬೇಕು. ಅದರಲ್ಲಿ ಅವಧಿ ಬರೆದಿಲ್ಲ ಅಂದ್ರೆ 5 ವರ್ಷ ಅಂತಲೇ ಲೆಕ್ಕ. ಫೋಟೋ ಯಾರದ್ದು? ಅದರ ಹಕ್ಕು ತೆಗೆದವರದು, ಅಲ್ವಾ?

ಬಳ್ಳಾರಿಯಿಂದ ಉತ್ತರ:
ಮೊದಲು ನಿಮ್ಮ ಬ್ಲಾಗಿಗೆ ಹಾಕಿ. ಆಮೇಲೆ ಮೀಡಿಯಂನಲ್ಲಿ ಸುಮ್ನೆ ಕಾಪಿ ಮಾಡಬೇಡಿ, ಬ್ಲಾಗಿನ ಲಿಂಕ್ ಕೊಟ್ಟರೆ ಲೇಖನ ತಾನೇ ತಂದುಕೊಳ್ಳುವ ಅಲ್ಲಿನ ಇಂಪೋರ್ಟ್ ಸೌಲಭ್ಯ ಬಳಸಿ. ಮೂಲ ನಿಮ್ಮ ಬ್ಲಾಗೇ ಎಂದು ಗೂಗಲ್‌ಗೆ ಹೇಳುವ ಕೆನಾನಿಕಲ್ ಲಿಂಕ್ ಅದರಲ್ಲೇ ಸೇರುತ್ತೆ. ಮೊದಲು ಎಲ್ಲಿ ಬಂದಿತ್ತು ಅಂತ ಕೆಳಗೆ ಒಂದು ಸಾಲು ಬರೆಯಿರಿ.

ಕೇಳಿದವಳು:
ಫೋಟೋ ತೆಗೆದದ್ದು ನನ್ನ ತಮ್ಮ, ಇವತ್ತೇ ಕೇಳುತ್ತೇನೆ. ಭಾನುವಾರ ಕಿನ್ನಾಳಕ್ಕೆ ಹೋಗಿ ಅಜ್ಜನಿಗೂ ಓದಿ ಹೇಳಬೇಕು. ಆ ಸಂಚಿಕೆ ಅವರ ಹತ್ತಿರವೂ ಇಲ್ಲ.