ಸಹಾಯ ಬೇಕು: ಎಣ್ಣೆ ಮಿಲ್‌ಗಳ ಕರೆಂಟ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆಯಲ್ಲಿ ನಮ್ಮದೊಂದು ಸಣ್ಣ ಶೇಂಗಾ ಎಣ್ಣೆ ಮಿಲ್ ಇದೆ, ಅಪ್ಪನ ಕಾಲದ್ದು. ಒಂದು ಕ್ವಿಂಟಾಲ್ ಬೀಜ ಅರೆಯೋಕೆ ಎಷ್ಟು ಯೂನಿಟ್ ಹೋಗುತ್ತೆ ಅಂತ ನಾವು ಯಾವತ್ತೂ ಲೆಕ್ಕ ಇಟ್ಟವರಲ್ಲ. ಬಿಲ್ ಬಂದರೆ ಕಟ್ಟೋದು, ಅಷ್ಟೇ. ಹೋದ ತಿಂಗಳಿಂದ ಬೆಳಗ್ಗೆ, ಸಂಜೆ ಮೀಟರ್ ರೀಡಿಂಗ್ ಬರೆದಿಡ್ತಿದ್ದೀನಿ, ಪಕ್ಕದಲ್ಲೇ ಅವತ್ತು ಅರೆದ ತೂಕ. ಆದರೆ ನಮ್ಮ ಅಂಕಿ ಹೆಚ್ಚೋ ಕಡಿಮೆಯೋ ಗೊತ್ತಾಗಬೇಕಾದರೆ ಬೇರೆಯವರ ಅಂಕಿಯೂ ಬೇಕು.

ಮಿಲ್ ನಡೆಸೋರು ದಯವಿಟ್ಟು ಮೂರು ತಿಂಗಳ ಬಿಲ್‌ನ ಯೂನಿಟ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟ್‌ನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬಂತು ಅನ್ನೋ ಅಂಕಿ), ಅರೆದ ಕ್ವಿಂಟಾಲ್ ಕಳಿಸಿ. ಮೋಟಾರ್ ಎಷ್ಟು ಎಚ್‌ಪಿ, ಎಷ್ಟು ಸಲ ಸುಟ್ಟು ರಿವೈಂಡ್ (ಒಳಗಿನ ತಂತಿ ಹೊಸದಾಗಿ ಸುತ್ತೋದು) ಆಗಿದೆ ಅನ್ನೋದನ್ನ ಮರೀಬೇಡಿ. ನನಗೆ ಅದೇ ಮುಖ್ಯ ಅನ್ನಿಸುತ್ತೆ, ಯಾಕಂದ್ರೆ ರಿವೈಂಡ್ ಸರಿಯಾಗಿ ಆಗದಿದ್ದರೆ ಮೋಟಾರಿನ ದಕ್ಷತೆ ಇಳಿಯುತ್ತೆ. 20 ಎಚ್‌ಪಿ ಮೋಟಾರಿನ ದಕ್ಷತೆ 90ರಿಂದ 87 ಪರ್ಸೆಂಟ್‌ಗೆ ಇಳಿದರೆ ಪೂರ್ತಿ ಲೋಡಿನಲ್ಲಿ ಗಂಟೆಗೆ ಅರ್ಧ ಯೂನಿಟ್‌ಗಿಂತ ಜಾಸ್ತಿ ದಂಡ. ದಿನಕ್ಕೆ 10 ಗಂಟೆ ಓಡಿದರೆ 5 ಯೂನಿಟ್ ಮೇಲೆ ಹೋಯ್ತು. ಕಣ್ಣಿಗೆ ಕಾಣಲ್ಲ, ಸದ್ದೂ ಬರಲ್ಲ.

ಮಿಲ್ ಹೆಸರು ಎಲ್ಲೂ ಹಾಕಲ್ಲ, ಮಿಲ್ 1, ಮಿಲ್ 2 ಅಂತಷ್ಟೇ ಇರುತ್ತೆ. ವ್ಯಾಪಾರದ ಗುಟ್ಟು ಹೊರಗೆ ಹೋಗುತ್ತೆ ಅನ್ನೋ ಅಂಜಿಕೆ ನನಗೂ ಇತ್ತು, ಅದಕ್ಕೇ ರೇಟು, ಲಾಭ ಏನೂ ಕೇಳ್ತಿಲ್ಲ. ಎಲ್ಲಾ ಸೇರಿಸಿದ ಪಟ್ಟಿ ಕೊಟ್ಟವರಿಗೆಲ್ಲ ವಾಪಸ್ ಕಳಿಸ್ತೀನಿ.

ಇನ್ನೊಂದು: ಕ್ಲ್ಯಾಂಪ್ ಮೀಟರ್ (ವೈರಿಗೆ ಸಿಕ್ಕಿಸಿ ಕರೆಂಟ್ ಅಳೆಯೋ ಮೀಟರ್) ಇಟ್ಕೊಂಡು ಒಂದು ದಿನ ಬಂದು ಒಂದೊಂದೇ ಮೋಟಾರಿನ ಲೋಡ್ ನೋಡಿಕೊಡೋ ಎಲೆಕ್ಟ್ರಿಕಲ್ ಗೊತ್ತಿರೋರು ಚಿತ್ರದುರ್ಗ, ದಾವಣಗೆರೆ ಕಡೆ ಯಾರಾದರೂ ಇದ್ದೀರಾ? ಬಸ್ ಚಾರ್ಜು, ಊಟ, ಕೂಲಿ ಎಲ್ಲಾ ಕೊಡ್ತೀನಿ. ಇನ್‌ಬಾಕ್ಸ್‌ಗೆ ಮೆಸೇಜ್ ಹಾಕಿ.