ಸಿಲಿಕಾ ಕೊಟ್ಟ ಇಲಿಗಳಲ್ಲಿ ಪೆನ್‌ಎಚ್ ಏರಿದರೆ ಶ್ವಾಸನಾಳದ ಪ್ರತಿರೋಧ ಹೆಚ್ಚಿತೆಂದು ಬರೆಯಬಹುದೇ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಬೆಳಗಾವಿ)
ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಂಥ ಕಡೆ ಕಲ್ಲು ಕೊರೆಯುವವರ ಎದೆ ಸೇರುವ ಸಿಲಿಕಾ ಧೂಳು ಶ್ವಾಸಕೋಶವನ್ನು ಹೇಗೆ ಕೆಡಿಸುತ್ತದೆಂದು ತಿಳಿಯಲು, ಇಲಿಗಳ ಶ್ವಾಸನಾಳಕ್ಕೆ ಸಿಲಿಕಾ ಹಾಕಿ, ಅವುಗಳನ್ನು ಎಚ್ಚರವಿರುವಾಗಲೇ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಪ್ಲೆಥಿಸ್ಮೋಗ್ರಫಿ (ಪೆಟ್ಟಿಗೆಯೊಳಗಿನ ಒತ್ತಡದ ಏರಿಳಿತದಿಂದ ಉಸಿರಾಟವನ್ನು ಅಳೆಯುವ ವಿಧಾನ) ಮಾಡುತ್ತಿದ್ದೇನೆ. ಸಿಲಿಕಾ ಗುಂಪಿನಲ್ಲಿ, ಇದರಿಂದ ಸಿಗುವ ಪೆನ್‌ಎಚ್ (Penh) ಎಂಬ ಸೂಚ್ಯಂಕ ಏರಿದೆ. ಇದನ್ನು ಶ್ವಾಸನಾಳದ ಪ್ರತಿರೋಧವೆಂದು (ಗಾಳಿಯ ಹರಿವಿಗೆ ಆಗುವ ಅಡ್ಡಿಯೆಂದು) ಪ್ರಬಂಧದಲ್ಲಿ ಬರೆಯಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಔಷಧಶಾಸ್ತ್ರ ಅಧ್ಯಾಪಕ, ವಿಜಯಪುರ)
ಹಾಗೆ ಬರೆಯಬೇಡಿ, ಮೇಡಂ. ಪ್ರತಿರೋಧ ತಿಳಿಯಬೇಕಾದರೆ ಗಾಳಿಯ ಹರಿವೂ ಅದನ್ನು ನೂಕುವ ಒತ್ತಡವೂ ಗೊತ್ತಿರಬೇಕು; ಪೆನ್‌ಎಚ್ ಆದರೋ ಪೆಟ್ಟಿಗೆಯೊಳಗಿನ ಒತ್ತಡದ ಅಲೆ, ಅದರಲ್ಲೂ ಉಸಿರು ಬಿಡುವಾಗಿನ ಅಲೆ, ಯಾವ ಆಕಾರದಲ್ಲಿದೆ ಎಂಬುದರಿಂದ ಲೆಕ್ಕ ಹಾಕಿದ ಬರಿಯ ಸಂಖ್ಯೆ. ಎಳೆದುಕೊಂಡ ಗಾಳಿ ಬೆಚ್ಚಗಾಗಿ ತೇವಗೊಂಡರೂ ಆ ಒತ್ತಡ ಬದಲಾಗುತ್ತದೆ. ಇಲಿ ಮೂಗಿನಿಂದಲೇ ಉಸಿರಾಡುವ ಪ್ರಾಣಿಯಾದ್ದರಿಂದ ಮೂಗು ಕಟ್ಟಿದರೂ, ಬೆದರಿ ಉಸಿರಿನ ಲಯ ತಪ್ಪಿದರೂ ಸಂಖ್ಯೆ ಏರಬಹುದು. 1997ರ ನಂತರ ಅಲರ್ಜಿ ಸಂಶೋಧನೆಯಲ್ಲಿ ಬಹುಬೇಗ ಹಬ್ಬಿದ ಈ ಅಳತೆಯನ್ನು 2004ರ ಹೊತ್ತಿಗೆ ಶ್ವಾಸಕೋಶದ ಯಾಂತ್ರಿಕತೆ ಬಲ್ಲವರು ಬಹಿರಂಗವಾಗಿಯೇ ಆಕ್ಷೇಪಿಸಿದ್ದರು. ಆದರೂ ಉಸಿರಿನ ವೇಗದ ಅಂಕಿಗಳನ್ನು ಉಳಿಸಿಕೊಳ್ಳಿ. ಅದೇ ಇಲಿಯನ್ನು ವಾರವಾರವೂ ನೋಡಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ.

ಉತ್ತರ (ಪ್ರಯೋಗಾಲಯದ ಸಂಶೋಧಕಿ, ಬಾಗಲಕೋಟೆ)
ಸರ್ ಹೇಳಿದ್ದು ಸರಿ. ಅದಕ್ಕಿಂತ ಮೊದಲು, ಸಿಲಿಕಾ ನಾರುಗಟ್ಟಿಸಿ ಶ್ವಾಸಕೋಶವನ್ನೇ ಬಿಗಿಗೊಳಿಸುತ್ತದೆ ಎಂಬುದನ್ನು ಗಮನಿಸಿ. ನೀವು ಮುಖ್ಯವಾಗಿ ಅಳೆಯಬೇಕಾದದ್ದು ಆ ಬಿಗಿತವನ್ನು. ಇದಕ್ಕೆ ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕ್ಯಾನುಲಾ (ಸಣ್ಣ ನಳಿಕೆ) ಹಾಕಿ, ವೆಂಟಿಲೇಟರಿನಲ್ಲಿಟ್ಟು ಫೋರ್ಸ್ಡ್ ಆಸಿಲೇಷನ್ (ಗಾಳಿಯ ಸಣ್ಣ ಅಲೆಗಳನ್ನು ಒಳಗೆ ನೂಕಿ, ಒತ್ತಡ ಹೇಗೆ ಬದಲಾಗುತ್ತದೆಂದು ಅಳೆಯುವುದು) ಮಾಡಬೇಕು. 25 ಗ್ರಾಂ ಇಲಿಗೆ ಒಂದು ಉಸಿರಿಗೆ ಸುಮಾರು 0.25 ಮಿ.ಲೀ., ನಿಮಿಷಕ್ಕೆ 150 ಉಸಿರು, ಉಸಿರು ಬಿಟ್ಟ ಕೊನೆಯಲ್ಲಿ 3 ಸೆಂ.ಮೀ. ನೀರಿನ ಒತ್ತಡ ರೂಢಿಯಲ್ಲಿದೆ. ಪ್ರತಿ ಅಳತೆಗೆ ಮೊದಲು 30 ಸೆಂ.ಮೀ. ನೀರಿನ ಒತ್ತಡದವರೆಗೆ ಶ್ವಾಸಕೋಶವನ್ನು ಒಮ್ಮೆ ಉಬ್ಬಿಸಿ. ಇಲ್ಲದಿದ್ದರೆ ಮುದುಡಿಕೊಂಡ ಗಾಳಿಗೂಡುಗಳೇ ಶ್ವಾಸಕೋಶವನ್ನು ಬಿಗಿಯಾಗಿ ತೋರಿಸುತ್ತವೆ.

ಕ್ಯಾನುಲಾದ ಸುತ್ತ ದಾರದ ಗಂಟು ಸಡಿಲವಾಗಿದ್ದರೆ ಗಾಳಿ ಸೋರಿ, ಗಟ್ಟಿಯಾದ ಶ್ವಾಸಕೋಶವೂ ಚೆನ್ನಾಗಿ ಹಿಗ್ಗುತ್ತಿರುವಂತೆ ಕಾಣುತ್ತದೆ. ಉಬ್ಬಿಸಿ ಹಿಡಿದಾಗ ಒತ್ತಡ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆಯೇ ಮುಂದುವರಿಯಿರಿ. ಸ್ನಾಯು ಸಡಿಲಿಸುವ ಮದ್ದು ಕೊಟ್ಟ ಮೇಲೆ ಕಾಲ್ಬೆರಳು ಚಿವುಟಿದರೂ ಇಲಿ ಕದಲದು; ನೋವು ತಿಳಿಯುತ್ತಿದೆಯೋ ಇಲ್ಲವೋ ಎಂಬುದನ್ನು ಹೃದಯ ಬಡಿತದಿಂದಲೇ ಗಮನಿಸಬೇಕು. ಇದರಲ್ಲಿ ಅಲಕ್ಷ್ಯ ಮಾಡಲೇಬಾರದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಇದಕ್ಕೆಂದೇ ಬೇರೆ ಇಲಿಗಳು ಬೇಕೇ?

ಉತ್ತರ (ಬಾಗಲಕೋಟೆ)
ಬೇಡ. ವಾರದ ಅಳತೆಗೆ ಬಳಸಿದ ಇಲಿಗಳನ್ನೇ ಕೊನೆಯ ದಿನ ಬಳಸಿ, ಅಳತೆಯಾದ ಮೇಲೆ ಅರಿವಳಿಕೆಯಲ್ಲಿರುವಾಗಲೇ ಅವುಗಳ ಜೀವ ಮುಗಿಸಿ. ಆಮೇಲೆ ಒಂದೇ ಹಾಲೆಯ ಎಡ ಶ್ವಾಸಕೋಶವನ್ನು ಸೂಕ್ಷ್ಮದರ್ಶಕಕ್ಕೂ, ಬಲಗಡೆಯ ನಾಲ್ಕು ಹಾಲೆಗಳನ್ನು ಕೊಲಾಜೆನ್ (ನಾರುಗಟ್ಟಿದಾಗ ಹೆಚ್ಚುವ ಪ್ರೋಟೀನ್) ಅಳೆಯಲೂ ಇಟ್ಟುಕೊಳ್ಳಬಹುದು. ಪ್ರಾಣಿ ನೀತಿ ಸಮಿತಿಯ ಅನುಮತಿಯಲ್ಲಿ ಈ ವಿಧಾನ ಇಲ್ಲದಿದ್ದರೆ, ತಿದ್ದುಪಡಿ ಪಡೆದ ಮೇಲೆಯೇ ಶುರು ಮಾಡಿ.