ಹಳೇ ಚೈನ್‌ಸಾ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಮೆಕ್ಯಾನಿಕ್: ಮೂವತ್ತು ವರ್ಷದಿಂದ ಈ ಮೆಷಿನ್‌ಗಳನ್ನೇ ಬಿಚ್ಚಿ ಜೋಡಿಸುತ್ತಿದ್ದೇನೆ. ಸಂಜೆ ಪೂರ್ತಿ ಇಲ್ಲೇ ಇರುತ್ತೇನೆ, ಕೇಳಿ. ಎಷ್ಟು ಸಿಸಿ, ಯಾವ ಚೈನ್, ಏನಾಗುತ್ತಿದೆ ಅಂತ ಬಿಡಿಸಿ ಬರೆಯಿರಿ. ಸುಮ್ನೆ "ಸ್ಟಾರ್ಟ್ ಆಗ್ತಿಲ್ಲ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ.

ಹೊಸಬ: ನಮಸ್ಕಾರ ಸರ್. ಅಜ್ಜನ ಮೆಷಿನ್ ಸಿಕ್ಕಿದೆ. ಟ್ಯಾಂಕಿನ ಮೇಲೆ ಪೆಟ್ರೋಲ್-ಆಯಿಲ್ ಅಳತೆ 16:1 ಅಂತಿದೆ, ಹೊಸ ಆಯಿಲ್ ಡಬ್ಬದ ಮೇಲೆ 50:1. ಯಾವುದನ್ನು ನಂಬಲಿ?

ಮೆಕ್ಯಾನಿಕ್: 16:1 ಅಂತ ಬರೆದ ಕಾಲದ ಆಯಿಲ್ ಬೇರೆ, ಈಗಿನದು ಬೇರೆ. ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ ಹಳೇ ಮೆಷಿನ್‌ಗೆ ನಾನು 32:1 ಹಾಕುತ್ತೇನೆ. ಲೀಟರ್ ಪೆಟ್ರೋಲಿಗೆ ಸುಮಾರು 31 ಎಂಎಲ್. ಅಳತೆ ಬದಲಿಸಿದರೆ ಕಾರ್ಬುರೇಟರನ್ನೂ ಮತ್ತೆ ಟ್ಯೂನ್ ಮಾಡಿ.

ಶೆಡ್ ಸಂಗ್ರಹ: ಸರ್, ಹಳೇ ಪೆಟ್ಟಿಗೆಯಲ್ಲಿ ಒಂದು ಚೈನ್ ಸಿಕ್ಕಿತು. ಹಲ್ಲುಗಳು ಕೈಗರಗಸದ ಹಾಗೆ ನೆಟ್ಟಗಿವೆ, ಈಗಿನ ಚೈನಿನ ಹಾಗೆ ಬಾಗಿಲ್ಲ. ಇದನ್ನು ಹರಿತ ಮಾಡುವುದು ಹೇಗೆ?

ಮೆಕ್ಯಾನಿಕ್: ಅದನ್ನು ಹರಿತ ಮಾಡಬೇಡಿ, ಹಾಗೇ ಎತ್ತಿಡಿ! ಅದು ಕೆರೆಯುವ ಚೈನ್. ಮರವನ್ನು ಗೀರಿ ಹುಡಿ ಮಾಡುತ್ತಿತ್ತು, ಮತ್ತೆ ಮತ್ತೆ ಹರಿತ ಮಾಡಬೇಕಿತ್ತು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಅನ್ನುವ ಮರ ಕಡಿಯುವವನು ಮರ ಕೊರೆಯುವ ಹುಳುವೊಂದನ್ನು ಕೂತು ನೋಡಿದ. ಅದರ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊರೆದು, ನಾರಿನ ದಿಕ್ಕು ಲೆಕ್ಕಿಸದೆ ಸಾಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿದ. ಇವತ್ತು ನಾವು ಹಾಕುವ ಎಡ-ಬಲ ಹಲ್ಲಿನ ಚೈನ್ ಅಲ್ಲಿಂದ ಬಂದದ್ದು. ನಿಮ್ಮ ಕೈಯಲ್ಲಿರುವುದು ಅದಕ್ಕೂ ಹಿಂದಿನ ಮಾದರಿ. ಎಣ್ಣೆ ಸವರಿ ಇಡಿ, ಫೋಟೋ ಹಾಕಿ.

ಒಂಟಿ ಸಾಲು: .404 ಇಂಚಿನ ಪಿಚ್ (ಚೈನ್ ಕೊಂಡಿಗಳ ಅಂತರ) ಸ್ಪ್ರಾಕೆಟ್ ತೆಗೆದು 3/8 ಇಂಚಿನದು ಹಾಕಬಹುದಾ ಸರ್? ಚೈನ್ ಓಡುವ ಉದ್ದನೆಯ ಪಟ್ಟಿ, ಅಂದರೆ ಬಾರ್ ಕೂಡ ಬದಲಿಸಬೇಕಾ?

ಮರಗೆಲಸದವ: ಸರ್, 1970ರ ದಶಕದ 80 ಸಿಸಿ ಮೆಷಿನ್. ಪವರ್ ಬರಲಿ ಅಂತ ಸೈಲೆನ್ಸರ್‌ಗೆ ಇನ್ನೊಂದು ತೂತು ಕೊರೆದೆ. ಬಂತು ಕೂಡ. ಈಗ ಎರಡು ವಾರದಿಂದ ಐಡ್ಲಿಂಗ್‌ನಲ್ಲಿ ತಾನೇ ರೇಸ್ ಆಗುತ್ತದೆ, ವಾಲಿಸಿದರೆ ಇನ್ನೂ ಜಾಸ್ತಿ. ಚೈನ್ ನಿಲ್ಲುವುದೇ ಇಲ್ಲ. ನಿನ್ನೆ ಸ್ವಿಚ್ ಆಫ್ ಮಾಡಿದ ಮೇಲೂ ನಾಲ್ಕೈದು ಸೆಕೆಂಡ್ ಓಡಿತು. ಕೊಯ್ಯುವಾಗ ಮಾತ್ರ ಯಾವತ್ತೂ ಇಷ್ಟು ಚೆನ್ನಾಗಿರಲಿಲ್ಲ. ಐಡ್ಲ್ ಸ್ಕ್ರೂ ಸಡಿಲ ಮಾಡಿದರೆ ಸಾಕಲ್ವಾ?

ಮೆಕ್ಯಾನಿಕ್: ಸಾಕಾಗಲ್ಲ. ಮೊದಲು ಅದನ್ನು ಕೆಳಗಿಡಿ, ನಾನು ಹೇಳುವ ತನಕ ಹಗ್ಗ ಎಳೆಯಬೇಡಿ.

"ಯಾವತ್ತೂ ಇಷ್ಟು ಚೆನ್ನಾಗಿರಲಿಲ್ಲ" ಅಂದಿರಲ್ಲ, ನನಗೆ ಭಯ ಹುಟ್ಟಿಸಿದ್ದು ಆ ಮಾತೇ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದಾಗ ಟೂ-ಸ್ಟ್ರೋಕ್ ಎಂಜಿನ್ ಸೀಜ್ ಆಗುವ (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ) ಮುಂಚೆ ಹೀಗೇ ಹಾರಾಡುತ್ತದೆ. ಇದರಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆ. ಪೆಟ್ರೋಲ್ ಕಮ್ಮಿ ಆದರೆ ಆಯಿಲೂ ಕಮ್ಮಿ, ಬಿಸಿ ಜಾಸ್ತಿ.

ನಿಮ್ಮಲ್ಲಿ ಎರಡು ತಪ್ಪು ಒಟ್ಟಿಗೆ ಸೇರಿವೆ. ಸೈಲೆನ್ಸರ್ ತೆರೆದಿರಿ, ಆದರೆ ಪೂರ್ತಿ ರೇಸ್‌ನಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಕಾರ್ಬುರೇಟರಿನ ಎಚ್ ಸ್ಕ್ರೂ ಮುಟ್ಟಲಿಲ್ಲ. ಅದರ ಮೇಲೆ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ದಂಡದ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ) ಗಾಳಿ ಎಳೆಯುತ್ತಿದೆ ಅಂತ ನನ್ನ ಅನುಮಾನ. ವಾಲಿಸಿದಾಗ ಬೇರಿಂಗಿನಲ್ಲಿ ಕ್ರ್ಯಾಂಕ್ ಕೂದಲೆಳೆಯಷ್ಟು ಸರಿದು ಸೀಲಿನ ತುಟಿ ಬಾಯಿ ಬಿಡುತ್ತದೆ. ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟರೂ ಹೀಗೇ ಆಗುತ್ತದೆ. ಸ್ವಿಚ್ ಆಫ್ ಆದರೂ ಓಡಿದ್ದು ಒಳಗೆ ಕಾದ ಕೆಂಡದಂಥ ಕಾರ್ಬನ್‌ನಿಂದ ಇರಬಹುದು. ಸ್ವಿಚ್ಚಿನ ವೈರನ್ನೂ ಒಮ್ಮೆ ನೋಡಿಬಿಡಿ.

ಸೈಲೆನ್ಸರ್ ಬಿಚ್ಚಿ, ಎಂಜಿನ್ನಿನ ಎಕ್ಸಾಸ್ಟ್ ಬಾಯಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ನನ್ನ ಬೆಂಚಿನ ಮೇಲೆ ಈಗಲೂ ಒಂದು ಪಿಸ್ಟನ್ ಇದೆ. ಇನ್‌ಟೇಕ್ ಕಡೆ ಹೊಸದರ ಹಾಗೆ ಮಿರಿಮಿರಿ. ಎಕ್ಸಾಸ್ಟ್ ಕಡೆ ತಿರುಗಿಸಿದರೆ ಮೇಲಿಂದ ಕೆಳಗೆ ಬೂದು ಗೀರು, ಉಗುರು ಆಡಿಸಿದರೆ ತಡೆಯುತ್ತದೆ. ರಿಂಗ್ ಕೂರುವ ಕಚ್ಚಿಗೇ ಅಲ್ಯೂಮಿನಿಯಂ ಕರಗಿ ಅಂಟಿದೆ. ಅದನ್ನು ತಂದವರೂ "ಸೂಪರ್ ಆಗಿ ಓಡ್ತಿತ್ತು" ಅಂದಿದ್ದರು.

ಆಮೇಲೆ ಪ್ರೆಷರ್ ಟೆಸ್ಟ್. ಎಕ್ಸಾಸ್ಟ್, ಇನ್‌ಟೇಕ್ ಎರಡನ್ನೂ ರಬ್ಬರ್ ಇಟ್ಟು ಮುಚ್ಚಿ, ಅರ್ಧ ಬಾರ್ ಒತ್ತಡದಷ್ಟು ಗಾಳಿ ತುಂಬಿ, ಸೋಪಿನ ನೀರು ಹಚ್ಚಿ. ವ್ಯಾಕ್ಯೂಮ್ ಟೆಸ್ಟನ್ನೂ ಬಿಡಬೇಡಿ. ಒತ್ತಡ ತಡೆದ ಸೀಲ್ ಎಷ್ಟೋ ಸಲ ಎಳೆತಕ್ಕೆ ಸೋಲುತ್ತದೆ. ಕ್ರ್ಯಾಂಕನ್ನು ನಿಧಾನ ತಿರುಗಿಸುತ್ತಾ ನೋಡಿ.

ಗರಗಸ ಗೆಳೆಯ: ಫಾರ್ವರ್ಡ್ ಬಂದಿದೆ ನೋಡಿ. ಪೆಟ್ರೋಲಿಗೆ ಎರಡು ನುಸಿಗುಳಿಗೆ ಹಾಕಿದರೆ ಹಳೇ ಎಂಜಿನ್‌ಗೆ ಡಬಲ್ ಪವರ್ ಅಂತೆ!

ಮೆಕ್ಯಾನಿಕ್: ಹಾಕಬೇಡಿ. ಪೆಟ್ರೋಲ್ ಆರಿದಾಗ ಅದು ಹರಳಾಗಿ ಕಾರ್ಬುರೇಟರಿನ ಸಣ್ಣ ದಾರಿಗಳಲ್ಲಿ ಕೂರುತ್ತದೆ. ಆ ಫಾರ್ವರ್ಡನ್ನು ಇನ್ನು ಮುಂದೆ ಇಲ್ಲಿ ಹಾಕಬೇಡಿ.

ಹಳೇ ಕೈ: 32:1 ಅಂತ ಯಾರು ಹೇಳಿದ್ದು? ಕಂಪನಿ 16 ಅಂದರೆ 16. ನಮ್ಮಪ್ಪ ಹಾಗೇ ಓಡಿಸಿದರು, ಏನೂ ಆಗಲಿಲ್ಲ.

ಗರಗಸ ಗೆಳೆಯ: ಅಣ್ಣ, 16 ಹಾಕಿದರೆ ಪ್ಲಗ್ ಮಸಿ ಹಿಡಿಯುತ್ತದೆ. ನಾನು 50ರಲ್ಲೇ ಓಡಿಸುತ್ತೇನೆ.

ಹಳೇ ಕೈ: 50ರಲ್ಲಿ ಓಡಿಸುವವರೇ ಸೀಜ್ ಮಾಡಿಕೊಂಡು ಬಂದು ಅಳುವುದು. ನೀನು ಎಷ್ಟು ಎಂಜಿನ್ ಬಿಚ್ಚಿದ್ದೀಯ?

ಗರಗಸ ಗೆಳೆಯ: ಏಕವಚನ ಬೇಡ. ನಾನು ನಿಮಗೆ ಮರ್ಯಾದೆ ಕೊಟ್ಟೇ ಮಾತಾಡಿದ್ದು.

ಶೆಡ್ ಸಂಗ್ರಹ: ಇಬ್ಬರೂ ನಿಲ್ಲಿಸಿ. ಆಯಿಲ್ ಜಾಸ್ತಿ ಹಾಕಿದರೆ ಅಷ್ಟೇ ಜಾಗದಲ್ಲಿ ಪೆಟ್ರೋಲ್ ಕಮ್ಮಿ ಆಗುತ್ತದೆ. ಟ್ಯೂನ್ ಮಾಡದೆ ಯಾವ ಅಳತೆಯೂ ಸರಿಯಲ್ಲ.

ಹಳೇ ಕೈ: ನಿಮ್ಮನ್ನು ಯಾರೂ ಕೇಳಲಿಲ್ಲ.

ಒಂಟಿ ಸಾಲು: .404 ಇಂದ 3/8ಗೆ ಬದಲಿಸುವುದರ ಬಗ್ಗೆ ಕೇಳಿದ್ದೆ ಸರ್.

ಹೊಸಬ: ಸರ್, ಸೀಜ್ ಆದ ಸಿಲಿಂಡರ್‌ಗೆ ಆಸಿಡ್ ಸುರಿದರೆ ಹೊಸದಾಗುತ್ತದೆ ಅಂತ ವಿಡಿಯೋ ಇದೆ. ಮಾಡಬಹುದಾ?

ಮೆಕ್ಯಾನಿಕ್: ಸುರಿಯುವುದಾ? ಆ ಆಸಿಡ್ ಅಲ್ಯೂಮಿನಿಯಂ ತಿನ್ನುತ್ತದೆ. ಗೋಡೆಗೆ ಅಂಟಿದ ಪಿಸ್ಟನ್ ಲೋಹವನ್ನು ಕರಗಿಸುವುದು ನಿಜ. ಆದರೆ ಕ್ರೋಮ್ ಲೇಪ ಎದ್ದ ಕಡೆ ಸಿಲಿಂಡರನ್ನೇ ತಿನ್ನುತ್ತದೆ. ಎಂಜಿನ್ ಬಿಚ್ಚದೆ ಸುರಿದರೆ ಕೆಳಗಿನ ಮೆಗ್ನೀಸಿಯಂ ಕೇಸೂ ಹೋಗುತ್ತದೆ, ಹೊಗೆ ನಿಮ್ಮ ಎದೆಗೆ ಹೋಗುತ್ತದೆ. ವಿಡಿಯೋ ಮಾಡಿದವರು ನಿಮ್ಮ ಕಣ್ಣು ಸರಿ ಮಾಡಿಕೊಡುವುದಿಲ್ಲ.

ಹಳೇ ಕೈ: ಬಾರ್‌ಗೆ ಸುಟ್ಟ ಎಂಜಿನ್ ಆಯಿಲ್ ಸಾಕಲ್ಲ?

ಮೆಕ್ಯಾನಿಕ್: ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚರ್ಮಕ್ಕೂ ಕೆಟ್ಟದ್ದು.

ಹಳೇ ಕೈ: ಎಲ್ಲದಕ್ಕೂ ಬೇಡ. ಚೈನ್ ಬ್ರೇಕ್ ಇಲ್ಲದೆ ನಮ್ಮವರು ಕಾಡೇ ಕೊಯ್ದಿದ್ದಾರೆ.

ಮೆಕ್ಯಾನಿಕ್: ಕೊಯ್ದಿದ್ದಾರೆ. ಬ್ರೇಕ್ ಬಂದದ್ದೇ 1970ರ ದಶಕದಲ್ಲಿ, ಅದೂ ಗಾಯಗಳನ್ನು ನೋಡಿ ನೋಡಿ. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ ಮುಖದ ಕಡೆಗೆ ಹಾರುತ್ತದೆ. ಬ್ರೇಕ್ ಇಲ್ಲದ ಮೆಷಿನ್‌ನಲ್ಲಿ ಮೂತಿಯಿಂದ ಕೊಯ್ಯಲೇಬೇಡಿ. ಇದರಲ್ಲಿ ವಾದಕ್ಕೆ ನಾನಿಲ್ಲ.

ಹೊಸಬ ೨: ಸರ್, ಹಳೇ ಮೆಷಿನ್‌ಗೆ ಆಯಿಲ್ ಅಳತೆ ಎಷ್ಟು?

ಮೆಕ್ಯಾನಿಕ್: ಮೇಲೆ ಓದಿ.

ಮರಗೆಲಸದವ: ಸೈಲೆನ್ಸರ್ ಬಿಚ್ಚಿದೆ ಸರ್. ಎಕ್ಸಾಸ್ಟ್ ಕಡೆ ಎರಡು ಸಣ್ಣ ಗೆರೆ ಇವೆ, ಉಗುರಿಗೆ ಸಿಗುತ್ತಿಲ್ಲ. ಕ್ಲಚ್ ಹಿಂದೆ ಸೀಲಿನ ಸುತ್ತ ಒದ್ದೆ ಒದ್ದೆ.

ಮೆಕ್ಯಾನಿಕ್: ಬಚಾವಾದಿರಿ. ಕ್ರ್ಯಾಂಕ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಅಲುಗಾಡಿದರೆ ಬೇರಿಂಗೂ ಹೊಸದು ಬೇಕು, ಇಲ್ಲದಿದ್ದರೆ ಹೊಸ ಸೀಲೂ ಉಳಿಯುವುದಿಲ್ಲ. ಎರಡೂ ಕಡೆಯ ಸೀಲ್ ಬದಲಿಸಿ, ಮತ್ತೆ ಟೆಸ್ಟ್ ಮಾಡಿ. ಹೊಸ ತೂತಿಗೂ ಕಿಡಿ ತಡೆಯುವ ಜಾಲರಿ ಹಾಕಿ, ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಆಮೇಲೆ ಎಚ್ ಸ್ಕ್ರೂ ಎಡಕ್ಕೆ ಸ್ವಲ್ಪ ಸ್ವಲ್ಪ ಬಿಚ್ಚಿ. ಖಾಲಿ ಪೂರ್ತಿ ರೇಸ್‌ನಲ್ಲಿ ಸದ್ದು ಒಡೆದ ಗಂಟಲಿನ ಹಾಗಿರಬೇಕು, ಮರಕ್ಕೆ ಒತ್ತಿದ ಕೂಡಲೇ ತಿಳಿಯಾಗಬೇಕು. ಆ ಸದ್ದು ರೆಕಾರ್ಡ್ ಮಾಡಿ ನನಗೆ ಕಳಿಸಿ. ಅಲ್ಲಿಯವರೆಗೆ ಒಂದು ಕೊಂಬೆಯನ್ನೂ ಕೊಯ್ಯಬೇಡಿ.